ಗಾಳಿಯ ದಾರಿ ನೋಡುತ್ತಿದ್ದ ಸದಾಶಿವಣ್ಣ

ಹೊಸ ಕಂಪ್ಯೂಟರ್ ಜೋಡಿಸಿ ಮುಗಿಸಿದ ಮೇಲೆ ಸದಾಶಿವಣ್ಣ ಅದರ ಎದುರು ಒಂದು ಊದುಬತ್ತಿ ಹಚ್ಚುತ್ತಿದ್ದರು. ಕುಂಬಳೆ ಪೇಟೆಯ ಅವರ ಅಂಗಡಿಗೆ ಮೊದಲ ಸಲ ಬಂದವರು ಪೂಜೆಯೆಂದೇ ತಿಳಿದು ಚಪ್ಪಲಿ ಕಳಚುವುದಿತ್ತು. ಒಬ್ಬರು ಅಜ್ಜಿಯಂತೂ ಕಣ್ಣು ಮುಚ್ಚಿ ಕೈಮುಗಿದೇಬಿಟ್ಟಿದ್ದರು. ಸದಾಶಿವಣ್ಣನ ಕಣ್ಣು ಮಾತ್ರ ಹೊಗೆಯ ಮೇಲೆ. ಮುಂದಿನ ಫ್ಯಾನಿನ ಬಳಿ ಹಿಡಿದ ಹೊಗೆ ಪೆಟ್ಟಿಗೆಯೊಳಗೆ ಹೊಕ್ಕು ಹಿಂದಿನಿಂದ ನೆಟ್ಟಗೆ ಹೊರಬಂದರೆ ಸರಿ. ಒಳಗೇ ಸುತ್ತು ಹಾಕಿದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು.

"ಗಾಳಿ ಒಳಗೆ ಬಂದ್ರೆ ಸಾಲ್ದು ಮಾರಾಯ್ರೆ, ಹೊರಗೆ ಹೋಗ್ಲಿಕ್ಕೂ ದಾರಿ ಬೇಕು," ಎನ್ನುತ್ತಿದ್ದರು.

ಗಲ್ಫಿನಲ್ಲಿ ಹಲವು ವರ್ಷ ಏಸಿ ರಿಪೇರಿ ಮಾಡಿ ಊರಿಗೆ ಮರಳಿದವರು. ಸೆಕೆಯ ಮೇಲೆ ಅವರಿಗೆ ಒಂದು ಹಳೆಯ ಸಿಟ್ಟಿತ್ತು. ಗಿರಾಕಿಗಳ ಮೇಲೂ ಇತ್ತು ಅನ್ನಿ. ಯಾರಾದರೂ ಬಣ್ಣದ ದೀಪಗಳಿರುವ ಗಾಜಿನ ಪೆಟ್ಟಿಗೆ ಕೇಳಿದರೆ, "ಮೀನು ಸಾಕ್ಲಿಕ್ಕುಂಟಾ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು.

ಹಾಗೆ ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ. ಮದುವೆ ವಿಡಿಯೊಗಳನ್ನು ಮನೆಯಲ್ಲೇ ಎಡಿಟ್ ಮಾಡುವ ನನಗೆ ಅವರು ಹೇಳಿದ್ದು ಸಾದಾ ಪೆಟ್ಟಿಗೆ, ಕೆಲಸಕ್ಕೊಂದು ವೇಗದ ಎಸ್‌ಎಸ್‌ಡಿ, ವಿಡಿಯೊ ಕೂಡಿಡಲು ಎರಡು ಹಾರ್ಡ್ ಡಿಸ್ಕ್. "ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರ್ಬೇಕು. ಒಂದು ಹೋದ್ರೆ ಇನ್ನೊಂದುಂಟು," ಎಂದರು. ನಾನು ಎರಡನೆಯ ಡಿಸ್ಕನ್ನು ಬಿಟ್ಟು ಗಾಜಿನ ಪೆಟ್ಟಿಗೆಯನ್ನು ಆರಿಸಿಕೊಂಡೆ. ಮನೆಗೆ ಬರುವ ಮದುಮಕ್ಕಳ ಕಣ್ಣಿಗೆ ಚಂದ ಕಾಣಬೇಕಲ್ಲ! ಅವರು ಗೊಣಗುತ್ತಲೇ ಜೋಡಿಸಿಕೊಟ್ಟರು.

ಎರಡು ವರ್ಷ ಕಳೆಯುವಷ್ಟರಲ್ಲಿ ಕಡಲಿನ ಉಪ್ಪುಗಾಳಿ ತನ್ನ ಕೆಲಸ ಮಾಡಿತ್ತು. ಹಾರ್ಡ್ ಡಿಸ್ಕಿನ ಎದುರಿನ ಫ್ಯಾನು ಕರಕರ ಎನ್ನತೊಡಗಿತು. ಬಾಗಿಲ ತಿರುಗಣಿಯಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ನಮ್ಮ ಮನೆಯಲ್ಲಿ ಏನು ಸದ್ದು ಮಾಡಿದರೂ ಮದ್ದು ಒಂದೇ, ತೆಂಗಿನೆಣ್ಣೆ. ಫ್ಯಾನಿಗೂ ನಾಲ್ಕು ಹನಿ ಬಿಟ್ಟೆ. ಸದ್ದು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಕೆಲವು ತಿಂಗಳಲ್ಲಿ ಎಣ್ಣೆ ಧೂಳಿನೊಡನೆ ಸೇರಿ ಅಂಟಾಗಿ, ಫ್ಯಾನೇ ನಿಂತುಹೋಗಿತ್ತು. ಬಣ್ಣದ ದೀಪಗಳು ಉರಿಯುತ್ತಿದ್ದುದರಿಂದ ನಾನು ಗಮನಿಸಲೇ ಇಲ್ಲ. ಒಂದು ಬೆಳಗ್ಗೆ, ಕಾದು ಕಾದು ಕೆಟ್ಟ ಹಾರ್ಡ್ ಡಿಸ್ಕಿನೊಳಗಿಂದ ಟಕ್, ಟಕ್ ಎಂದು ಕೇಳಿಸಿತು.

ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತೊಯ್ದೆ. ಸದಾಶಿವಣ್ಣ ಅದನ್ನು ಬಿಚ್ಚಿ ಫ್ಯಾನನ್ನು ಮೂಸಿದರು.

"ಎಣ್ಣೆ ಹಾಕಿದ್ದು ಯಾರು?"

"ನಾನೇ."

"ಒಗ್ಗರಣೆ ಮಾತ್ರ ಬಾಕಿ," ಎಂದರು. ಅವರ ಮುಖದಲ್ಲಿ ನಗೆಯಿರಲಿಲ್ಲ. ಡಿಸ್ಕನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದರು. "ಇದು ಎಷ್ಟು ಹೊತ್ತು ತಿರುಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಒಳಗೆ ಎಂತೆಲ್ಲ ಉಂಟು?"

ಬೇರೆಲ್ಲೂ ನಕಲಿಲ್ಲದ್ದು ಎರಡು ಇತ್ತು. ಒಂದು, ಹಿಂದಿನ ವಾರ ಚಿತ್ರೀಕರಿಸಿದ ಮದುವೆ. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಆಗಲೇ ಅಳಿಸಿದ್ದೆ. ಮದುಮಗಳ ಅಜ್ಜ ಮದುವೆಯಾದ ನಾಲ್ಕನೆಯ ದಿನ ತೀರಿಕೊಂಡಿದ್ದರು. ಅವರ ಕೊನೆಯ ಚಿತ್ರ ಅದೇ. ಇನ್ನೊಂದು, ನನ್ನ ಮಗಳು ಧನ್ಯಾಳ ಮೊದಲ ಮೂರು ವರ್ಷ. ಅವಳು ತೆವಳಿದ್ದು, ಎದ್ದದ್ದು, ನಡೆದದ್ದು.

"ಮೊದಲು ಯಾವುದು? ಒಂದೇ ಹೇಳಿ."

"ಮದುವೆ," ಎಂದೆ.

ಅವರು ನನ್ನನ್ನೇ ನೋಡಿದರು. "ಮಗುವಿನದ್ದು?"

"ಮೊದಲು ಮದುವೆಯದ್ದು ಆಗ್ಲಿ ಸದಾಶಿವಣ್ಣ. ಅದು ನಂಬಿ ಕೊಟ್ಟವರದ್ದು."

ನಕಲು ಶುರುವಾಯಿತು. ಪರದೆಯ ಹಸಿರು ಪಟ್ಟಿ ಅಂಗುಲ ಅಂಗುಲವಾಗಿ ಸರಿಯಿತು. ಅರ್ಧಕ್ಕೆ ಬಂದು ನಿಂತಿತು. ಸದಾಶಿವಣ್ಣ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮುಟ್ಬೇಡಿ, ಮಾತಾಡ್ಬೇಡಿ," ಎಂದರು. ಎಷ್ಟೋ ಹೊತ್ತಿನ ಮೇಲೆ ಪಟ್ಟಿ ಮತ್ತೆ ಸರಿಯಿತು. ಮದುವೆ ಪೂರ್ತಿ ಸಿಕ್ಕಿತು. ಅವರು ಕೂಡಲೇ ಧನ್ಯಾಳ ಹೆಸರಿನ ಫೋಲ್ಡರನ್ನು ಒತ್ತಿದರು. ಟಕ್, ಟಕ್, ಟಕ್. ಆಮೇಲೆ ಸದ್ದೇ ಇಲ್ಲ.

ಮೂರು ಸಲ ಪ್ರಯತ್ನಿಸಿ ಅವರು ತಂತಿ ಕಳಚಿದರು. ದೂರದ ಊರಿಗೆ ಕಳಿಸಿಯೂ ನೋಡಿದೆವು. ಏನೂ ಸಿಗಲಿಲ್ಲ. ನನ್ನ ಹೆಂಡತಿ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಅದು ಕಡಿಮೆಯೇ ಆಯಿತು.

ಹೆದ್ದಾರಿ ಅಗಲ ಮಾಡುವಾಗ ಸದಾಶಿವಣ್ಣನ ಅಂಗಡಿ ಹೋಯಿತು. ಅಷ್ಟರಲ್ಲಿ ಅವರಿಗೂ ಹುಷಾರಿರಲಿಲ್ಲ. ಹೋದ ವರ್ಷ ಮೀಂಜದ ಅವರ ಮನೆಗೆ ನೋಡಲು ಹೋದೆ. ಹಾಸಿಗೆಯ ಮೇಲೆ ಒರಗಿ ಕೂತಿದ್ದರು. ಕುಶಲ ವಿಚಾರಿಸಲೂ ಬಿಡಲಿಲ್ಲ.

"ನೀವು ಎಣ್ಣೆ ಹಾಕಿದ್ದು ಬಿಡಿ. ಎರಡನೇ ಡಿಸ್ಕ್ ಇಲ್ಲದೆ ನಾನು ಜೋಡಿಸಿ ಕೊಡ್ಲೇಬಾರ್ದಿತ್ತು. ಗಟ್ಟಿಯಾಗಿ ಬೇಡ ಅನ್ಬೇಕಿತ್ತು. ಮಗುವಿನದ್ದು ಹೋಯ್ತಲ್ಲ, ಅದೊಂದು ಮನಸ್ಸಿಂದ ಹೋಗುದಿಲ್ಲ."

ಇಷ್ಟು ದಿನ ಅವರು ಅದನ್ನು ಹೊತ್ತು ಕೂತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಬಾಯಿಗೆ ಬಂದ ಸುಳ್ಳನ್ನು ಹೇಳಿಬಿಟ್ಟೆ. "ಅದು ಸಿಕ್ಕಿತು ಸದಾಶಿವಣ್ಣ. ಹೆಂಡತಿಯ ಹಳೇ ಫೋನಿನಲ್ಲಿ ಎಲ್ಲ ಇತ್ತು."

"ಹೌದಾ?" ಅವರು ಬೆನ್ನು ನೇರ ಮಾಡಿದರು. "ನಡೆದದ್ದು ಸಹ?"

"ನಡೆದದ್ದು ಸಹ."

"ಬಚಾವ್! ಮುಂದಿನ ಸಲ ಬರುವಾಗ ತನ್ನಿ ಆಯ್ತಾ? ನನಗೆ ನೋಡ್ಬೇಕು."

ತರುತ್ತೇನೆ ಎಂದೆ. ದಾರಿಯುದ್ದಕ್ಕೂ ಮುಂದಿನ ಸಲ ಏನು ನೆಪ ಹೇಳುವುದೆಂದು ಯೋಚಿಸುತ್ತಿದ್ದೆ. ಅಲ್ಲಿಂದ ಹನ್ನೊಂದನೆಯ ದಿನ ಅವರು ತೀರಿಕೊಂಡ ಸುದ್ದಿ ಬಂತು. ನಾನು ಅತ್ತುಬಿಟ್ಟೆ. ಆದರೆ ಅಳುವಿಗಿಂತ ಮೊದಲು, ಹೇಳಲು ನಾಚಿಕೆ, ಇನ್ನು ತೋರಿಸಬೇಕಾಗಿಲ್ಲವಲ್ಲ ಎಂದು ನಿರಾಳವಾಗಿತ್ತು.