ನನ್ನ ಹೆಸರಿದ್ದ ಅಡಿಟಿಪ್ಪಣಿ

ಜಗಳೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ನಾನು ನಾಲ್ಕು ಶತಮಾನ ಹಿಂದಿನ ಇಂಗ್ಲಿಷ್ ಸೇಡಿನ ನಾಟಕಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬಡ್ತಿಯ ಸಂದರ್ಶನಕ್ಕೆ ಹೋದಾಗ, "ನಿಮ್ಮ ಲೇಖನಗಳನ್ನ ಬೇರೆ ಯಾರಾದ್ರೂ ಉಲ್ಲೇಖಿಸಿದಾರೇನ್ರೀ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಬಡ್ತಿಯೂ ಸಿಗಲಿಲ್ಲ.

ಮರುವರ್ಷ ಮೈಸೂರಿನ ಗ್ರಂಥಾಲಯವೊಂದರಲ್ಲಿ ಹಳೆಯ ಇಂಗ್ಲಿಷ್ ನಾಟಕಗಳ ಬಗೆಗಿನ ಯಾವುದೋ ಪುಸ್ತಕ ತಿರುವುತ್ತಿದ್ದಾಗ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಕಂಡಿತು. ಬರೆದವರು ನ್ಯಾಮತಿಯ ನಿವೃತ್ತ ಮೇಷ್ಟ್ರು. ನನ್ನನ್ನು ಓದಿದ ಆ ಒಬ್ಬ ಮನುಷ್ಯನನ್ನು ನೋಡಲೇಬೇಕೆನಿಸಿ ಒಂದು ಭಾನುವಾರ ಬಸ್ಸು ಹತ್ತಿದೆ.

ಅವರು ಜಗುಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ನಾನು ಅಡಿಟಿಪ್ಪಣಿಯ ಮಾತೆತ್ತಿದೆ. ಅವರ ಮುಖ ಸಪ್ಪಗಾಯಿತು.

"ತಪ್ಪು ತಿಳೀಬ್ಯಾಡ್ರಿ. ನಿಮ್ಮ ಲೇಖನ ನಾನು ಓದಿಲ್ಲ. ಆ ಪತ್ರಿಕೆ ನಮ್ಮ ಕಡೆಗೆ ಎಲ್ಲಿ ಬರ್ತೈತೆ? ಇನ್ಯಾರೋ ಪುಸ್ತಕದಾಗೆ ನಿಮ್ಮ ಹೆಸರು ಹಾಕಿದ್ರು, ನಾನೂ ಹಾಕ್ದೆ."

"ಯಾರು ಹಾಕಿದ್ದು?" ಎಂದು ಆಸೆಯಿಂದ ಕೇಳಿದೆ.

"ನೆನಪಿಲ್ಲ ರೀ."

ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟೆ. ಆಮೇಲೆ ಅವರೇ ಹಿಂಜರಿಯುತ್ತ ಕೇಳಿದರು: "ನನ್ನ ಪುಸ್ತಕ ನೋಡಿ ಮನೆ ಹುಡುಕ್ಕೊಂಡು ಬಂದೋರು ನೀವೊಬ್ರೇ. ಓದಿದ್ರಲ್ಲ, ಹೆಂಗೈತೆ?"

ನನ್ನ ಹೆಸರಿದ್ದ ಪುಟದಾಚೆ ನಾನು ಒಂದು ಸಾಲೂ ಓದಿರಲಿಲ್ಲ. "ಚೆನ್ನಾಗಿದೆ ಸಾರ್" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅರ್ಥವಾಗಿರಬೇಕು, ಬಸ್ಸಿನ ಹೊತ್ತಾಯ್ತು ಎಂದು ಎದ್ದರು.

ಬಸ್ ಸ್ಟ್ಯಾಂಡಿನವರೆಗೂ ಜೊತೆಗೇ ಬಂದರು. ಬಸ್ಸು ತಡವಾಗಿತ್ತು. ಆ ಸೀಮೆಯಲ್ಲಿ ಇಂಗ್ಲಿಷಿನ ಹಳೆಯ ನಾಟಕಗಳ ಬಗ್ಗೆ ಬರೆದವರು ಬಹುಶಃ ನಾವಿಬ್ಬರೇ. ಬಸ್ಸು ಬರುವತನಕ ಅಡಿಕೆ ಧಾರಣೆಯ ಬಗ್ಗೆ ಮಾತಾಡಿದೆವು.