ಅರಮನೆಯ ಅಡುಗೆಮನೆ ನೋಡಲು ಹೋದದ್ದು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ದಿನಾ ಮುನ್ನೂರು ರೋಗಿಗಳಿಗೆ ಅವಳ ಕೈಯ ಊಟ. ಅದರಲ್ಲಿ ಅರ್ಧ ಉಪ್ಪಿಲ್ಲದ್ದು, ಕಾಲು ಭಾಗ ಸಕ್ಕರೆಯಿಲ್ಲದ್ದು, ಮಿಕ್ಕಿದ್ದು ಹಲ್ಲಿಲ್ಲದವರಿಗೆಂದು ಮೆತ್ತಗೆ ಬೇಯಿಸಿದ್ದು. "ನನ್ನ ಅಡುಗೆ ರುಚಿಯಾಗಿದೆ ಅಂತ ಯಾರಾದ್ರೂ ಅಂದ್ರೆ ಡಾಕ್ಟರು ನನ್ನ ಕೆಲಸದಿಂದ ತೆಗೀತಾರೆ" ಎಂದು ತಾನೇ ನಗುತ್ತಿದ್ದಳು.

ಅವಳಿಗೊಂದು ಆಸೆಯಿತ್ತು. ಬಸ್ಸಿನಲ್ಲಿ ನಾಲ್ಕು ಗಂಟೆ ಹೋದರೆ ಸಿಗುವ ಹಳೆಯ ಊರಿನಲ್ಲಿ ಒಂದು ಕೋಟೆ, ಒಂದು ಅರಮನೆ. ಆ ಅರಮನೆಯ ಅಡುಗೆಮನೆಯ ಚಿತ್ರವನ್ನು ಕೆಲಸಕ್ಕೆ ಸೇರಿದ ವರ್ಷವೇ ಪತ್ರಿಕೆಯಲ್ಲಿ ನೋಡಿದ್ದಳು. ಎರಡು ಸಾಲಾಗಿ ಹದಿನಾಲ್ಕು ಒಲೆ, ಆಳುದ್ದದ ಸೌಟು, ಮಗುವನ್ನು ಮಲಗಿಸಬಹುದಾದಷ್ಟು ಅಗಲದ ಬಾಣಲೆ. ಅಷ್ಟು ಜನಕ್ಕೆ ಹೇಗೆ ಬೇಯಿಸುತ್ತಿದ್ದರು, ಹೊಗೆ ಎಲ್ಲಿಂದ ಹೋಗುತ್ತಿತ್ತು, ಪಾತ್ರೆ ಎತ್ತುವವರ ಸೊಂಟದ ಗತಿಯೇನು ಎಂದು ಅವಳಿಗೆ ತಿಳಿಯಬೇಕಿತ್ತು. ಗಂಡನಿಗೂ ತೋರಿಸಬೇಕಿತ್ತು. ತನ್ನ ಕೆಲಸ ಎಂಥದ್ದೆಂದು ಅವನಿಗೆ ಅಲ್ಲಾದರೂ ಅರ್ಥವಾದೀತು ಎಂಬುದು ಒಳಗಿನ ಲೆಕ್ಕ.

ಗಂಡ ಟೈಲ್ಸ್ ಮೇಸ್ತ್ರಿ. ಯಾರ ಮನೆಗೆ ಹೋದರೂ ಗೋಡೆ ನೋಡುವವನಲ್ಲ, ಮುಖ ನೋಡುವವನಲ್ಲ, ಮೊದಲು ನೆಲ ನೋಡುವವನು.

ಅಂತೂ ಇಬ್ಬರಿಗೂ ಒಟ್ಟಿಗೆ ಎರಡು ದಿನ ರಜೆ ಸಿಕ್ಕಿತು. ಅವಳ ತಮ್ಮ ಮೊಬೈಲಿನಲ್ಲೇ ಹೋಟೆಲ್ ರೂಮು ಗೊತ್ತುಮಾಡಿದ. "ಅಕ್ಕ, ಕಿಟಕಿ ತೆಗೆದ್ರೆ ಎದುರಿಗೇ ಕೋಟೆ. ಭಾವನಿಗೆ ಮಲಗಿದಲ್ಲಿಂದಲೇ ಕಾಣುತ್ತೆ" ಎಂದ.

ಶನಿವಾರ ಹನ್ನೆರಡಕ್ಕೆ ಹೋಗಿ ತಲುಪಿದರೆ ರೂಮು ಸಿದ್ಧವಿರಲಿಲ್ಲ. ಬ್ಯಾಗುಗಳನ್ನು ಕೌಂಟರಿನ ಹಿಂದಿಟ್ಟು ಕೋಟೆಗೆ ಹೋದರು. ಕೋಟೆಯ ಮೇಲಂತಸ್ತಿಗೆ ದುರಸ್ತಿಯೆಂದು ಹಗ್ಗ ಕಟ್ಟಿದ್ದರು. ಕೆಳಗಿನ ಅಂಗಳದಲ್ಲಿ ಮೇಸ್ತ್ರಿ ಮೊಣಕಾಲೂರಿ ಕಲ್ಲುಗಳ ನಡುವಿನ ಸಂದಿಗೆ ಉಗುರು ತೂರಿಸಿ ನೋಡಿದ. "ಏನೇ, ಇಲ್ಲಿ ನೋಡು, ಕೂದಲು ತೂರಲ್ಲ!" ಕಾವಲುಗಾರ ಸೀಟಿ ಊದಿದ. ಅರಮನೆಗೆ ಹೋಗುವ ಹೊತ್ತಿಗೆ ಬಾಗಿಲು ಹಾಕಿತ್ತು. ಅಡುಗೆಮನೆಯನ್ನು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ತೋರಿಸುತ್ತಾರಂತೆ. ಇರಲಿ, ನಾಳೆ ಇದೆಯಲ್ಲ ಎಂದುಕೊಂಡಳು.

ರೂಮಿನ ಕಿಟಕಿ ತೆಗೆದರೆ ಎದುರಿಗೆ ಜನರೇಟರು. ಕೋಟೆ ಕಾಣುತ್ತಿದ್ದದ್ದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ. ದಿಂಬಿನಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ. ಅವಳು ತನ್ನ ಟವೆಲ್ಲನ್ನೇ ದಿಂಬಿಗೆ ಸುತ್ತಿ ಮಲಗಿದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಸ್ನಾನಕ್ಕೆ ಹೋದ. ಎರಡು ಚೆಂಬು ನೀರು ಸುರಿದುಕೊಂಡಿದ್ದನೋ ಇಲ್ಲವೋ, ಬಚ್ಚಲಿನ ನೀರು ಬಾಗಿಲ ಕೆಳಗಿಂದ ನುಸುಳಿ ರೂಮಿಗೆ ಬಂತು. ನೆಲದ ಮೇಲಿದ್ದ ಬ್ಯಾಗು, ಅರಮನೆಗೆಂದು ಅವಳು ಎತ್ತಿಟ್ಟಿದ್ದ ಹೊಸ ಬಟ್ಟೆ, ಎಲ್ಲ ತೊಯ್ದು ತೊಪ್ಪೆ.

"ರೀ, ನೀರು ನಿಲ್ಲಿಸಿ!" ಎಂದು ಕೂಗಿದಳು.

ಒದ್ದೆ ತಲೆಯಲ್ಲೇ ಹೊರಗೆ ಬಂದ ಮೇಸ್ತ್ರಿ ನೀರು ಹರಿದ ದಾರಿ ನೋಡಿದ. ಅವನ ಕಿವಿ ಕೆಂಪಗಾಯಿತು. "ಇಳಿಜಾರನ್ನೇ ಉಲ್ಟಾ ಕೊಟ್ಟಿದ್ದಾನೆ ಕಣೆ! ಯಾವನೇ ಅವನು ಇದನ್ನ ಹಾಕಿದವನು?"

"ಯಾವನಾದ್ರೂ ಆಗ್ಲಿ. ಹಳೇ ಬಟ್ಟೇಲೇ ಹೊರಡೋಣ. ಹತ್ತಕ್ಕೆ ಬಾಗಿಲು ತೆಗೀತಾರೆ."

"ಎರಡು ಮಾತು ಹೇಳಿ ಬರ್ತೀನಿ."

ಮ್ಯಾನೇಜರು ಪಳಗಿದ ಆಸಾಮಿ. ಮೊದಲು "ಎಲ್ಲಾ ರೂಮೂ ಹಂಗೇ ಸಾರ್, ಬಾಗಿಲಿಗೊಂದು ಬಟ್ಟೆ ಇಟ್ಕೊಳ್ಳಿ" ಎಂದ. ಮೇಸ್ತ್ರಿ ದನಿ ಏರಿಸಿದ್ದಕ್ಕೆ ಪಕ್ಕದ ರೂಮು ತೋರಿಸಿದ. ಅಲ್ಲೂ ಅದೇ ಕಥೆ. ಅದರಾಚೆಗಿನದೂ ಅದೇ. ಮೇಸ್ತ್ರಿ ಮೂರರಲ್ಲೂ ಚೆಂಬಿನಿಂದ ನೀರು ಸುರಿದು ಸುರಿದು ತೋರಿಸಿದ. ಅಷ್ಟರಲ್ಲಿ ಮ್ಯಾನೇಜರು ವರಸೆ ಬದಲಿಸಿದ. "ನಿಮ್ಮಂಥ ಕೆಲಸಗಾರರು ನಮಗೆಲ್ಲಿ ಸಿಗ್ತಾರೆ ಸಾರ್? ನಮ್ಮ ಗಾರೆಯವನನ್ನ ಕರೆಸ್ತೀನಿ, ಒಂದು ಮಾತು ತಿಳಿಸಿಕೊಟ್ಟು ಹೋಗಿ."

ಅಷ್ಟೇ ಸಾಕಾಯಿತು. ಮೇಸ್ತ್ರಿ ಪ್ಯಾಂಟು ಮಡಚಿ ನೆಲಕ್ಕೆ ಕೂತ.

ದೊಡ್ಡಕ್ಕ ರೂಮುಗಳ ಹೊರಗಿನ ಓಣಿಯಂಥ ಪಡಸಾಲೆಯಲ್ಲಿ ಒದ್ದೆ ಬ್ಯಾಗು ಹಿಡಿದು ನಿಂತಳು. ಹತ್ತಾಯಿತು. "ಹತ್ತು ನಿಮಿಷ ಕಣೆ." ಹತ್ತೂವರೆಗೆ ಗಾರೆಯವನು ಆಕಳಿಸುತ್ತ ಬಂದ. ಹನ್ನೊಂದೂವರೆಗೆ ಒಂದು ಟೈಲು ಎಬ್ಬಿಸಿದರು. "ಆಯ್ತು, ಇನ್ನೇನು ಆಗೇ ಹೋಯ್ತು" ಎಂದ ಮೇಸ್ತ್ರಿ, ತಲೆಯೆತ್ತದೆ. ಒಬ್ಬಳೇ ಹೊರಟುಬಿಡಲೇ ಎಂದು ಎರಡು ಸಲ ಮೆಟ್ಟಿಲವರೆಗೆ ಹೋದಳು, ಎರಡು ಸಲವೂ ಹಿಂದಕ್ಕೆ ಬಂದಳು. ಗಂಡನನ್ನೋ ತಮ್ಮನನ್ನೋ ಬಿಟ್ಟು ಅವಳು ಯಾವ ಊರೂ ನೋಡಿದವಳಲ್ಲ.

ಒಂದೂಕಾಲಿಗೆ ಅಡುಗೆಮನೆಯಿದ್ದ ಅರಮನೆಯ ಹಿಂಬಾಗಿಲಿಗೆ ಓಡೋಡಿ ಬಂದರೆ ಕಬ್ಬಿಣದ ಜಾಲರಿ ಎಳೆದು ಬೀಗ ಹಾಕುತ್ತಿದ್ದರು.

"ಐದು ನಿಮಿಷ ಬಿಡಿ ಅಣ್ಣ. ದೂರದಿಂದ ಬಂದಿದ್ದೀವಿ" ಎಂದಳು.

"ಎಲ್ಲರೂ ದೂರದಿಂದಲೇ ಬರೋದಮ್ಮ" ಎಂದ ಬೀಗದವನು.

ಜಾಲರಿಗೆ ಹಣೆ ಒತ್ತಿ ನೋಡಿದಳು. ಕತ್ತಲಲ್ಲಿ ಒಂದು ಒಲೆಯ ಅಂಚು ಮಾತ್ರ ಕಂಡಿತು. ಹಿಂದಿನಿಂದ ಮೇಸ್ತ್ರಿ, "ಮುಂದಿನ ಸಲ ನೋಡಿದ್ರಾಯ್ತು ಬಿಡೆ. ಪಾಪ, ಅವರಿಗೆ ಒಂದು ದಾರಿ ತೋರಿಸಿದ ಹಾಗಾಯ್ತು" ಎಂದ.

ಅವಳು ತಿರುಗಿದಳು. "ಆ ಹಾಳು ಹೋಟೆಲಿನವನ ಬಚ್ಚಲಿನ ಮೇಲೆ ಇರೋ ಪ್ರೀತಿ ನಿಮಗೆ ನನ್ನ ಮೇಲೆ ಇಲ್ಲ. ಇಪ್ಪತ್ತಾರು ವರ್ಷ ಕಾದು ಬಂದೆ. ನೀವು ಮೂರು ಗಂಟೆ ಬಿಡುವು ಮಾಡ್ಕೊಳ್ಳಲಿಲ್ಲ."

ಬಸ್ಸಿನ ನಾಲ್ಕು ಗಂಟೆಯೂ ಅವಳು ಕಿಟಕಿಯ ಕಡೆಗೇ ಮುಖಮಾಡಿದ್ದಳು. ಅವನ ಮೇಲೆ ಬಂದ ಸಿಟ್ಟಿಗಿಂತ, ಆ ಮೆಟ್ಟಿಲಿನಿಂದ ಎರಡು ಸಲ ವಾಪಸು ಬಂದ ತನ್ನ ಕಾಲಿನ ಮೇಲೆಯೇ ಸಿಟ್ಟು ಹೆಚ್ಚಾಗಿತ್ತು. ವಾರವಿಡೀ ಅದು ಇಳಿಯಲಿಲ್ಲ.

ಮೂರು ವಾರವಾದ ಮೇಲೆ ಒಂದು ಶನಿವಾರ ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ಹೊರಟಳು. ಯಾರನ್ನೂ ಕೇಳಲಿಲ್ಲ, ಹೇಳಿದಳು ಅಷ್ಟೇ. "ಒಬ್ಬಳೇ ಹೋಗ್ತೀಯಾ?" ಎಂದ ಮೇಸ್ತ್ರಿ. "ಬಸ್ಸಿನಲ್ಲಿ ಇನ್ನೂ ಐವತ್ತು ಜನ ಇರ್ತಾರೆ" ಎಂದಳು.

ಹತ್ತಕ್ಕೆ ಬಾಗಿಲು ತೆಗೆದಾಗ ಮೊದಲು ಒಳಗೆ ಕಾಲಿಟ್ಟವಳು ಅವಳೇ. ಹದಿನಾಲ್ಕು ಒಲೆಗಳನ್ನೂ ಎಣಿಸಿದಳು. ಎರಡು ಸಾಲಿನ ನಡುವೆ ತೀರ ಇಕ್ಕಟ್ಟು. ಒಂದಕ್ಕೆ ಬಗ್ಗಿದರೆ ಹಿಂದಿನ ಒಲೆ ಬೆನ್ನು ಸುಡುವಷ್ಟು. ರಾಜರ ಊಟದ ವೈಭವವನ್ನೇ ಹೇಳುತ್ತಿದ್ದ ಗೈಡಿಗೆ ಅಡ್ಡ ಬಾಯಿ ಹಾಕಿ, "ಇಲ್ಲಿ ಬೇಯಿಸಿದವರ ಬೆನ್ನೆಲ್ಲ ಬೊಬ್ಬೆ ಎದ್ದಿರುತ್ತೆ, ಅದನ್ನೂ ಹೇಳಿ" ಎಂದಳು. ಜೊತೆಗಿದ್ದವರು ಅವಳ ಕಡೆ ತಿರುಗಿ, ಅದು ಹೇಗೆ, ಇದು ಯಾಕೆ ಎಂದು ಕೇಳತೊಡಗಿದರು. ಒಂದು ಗಂಟೆಗೆ ಬೀಗದವನು ಬಂದು ಎಬ್ಬಿಸುವವರೆಗೂ ಅವಳು ಅಲ್ಲೇ ಇದ್ದಳು.

ಸಂಜೆ ಮನೆಗೆ ಬಂದಾಗ ಮೇಸ್ತ್ರಿ ತಾನೇ ಬೇಯಿಸಿದ್ದನ್ನು ಬಡಿಸಿದ. ಉಪ್ಪು ಹಾಕಲು ಮರೆತಿದ್ದ. ಅವಳು ತಟ್ಟೆ ಖಾಲಿಯಾಗುವವರೆಗೂ ಉಂಡಳು. ಆಮೇಲೆ ಹೊಗೆಗಂಡಿ, ಬಾಣಲೆ, ಇಕ್ಕಟ್ಟು ಎಲ್ಲವನ್ನೂ ಹೇಳಿದಳು. ಮೇಸ್ತ್ರಿ ತಡೆಯಲಾರದೆ, "ಮತ್ತೆ ನೆಲ?" ಎಂದ.

"ನಾನು ನೋಡಲಿಲ್ಲ" ಎಂದಳು ದೊಡ್ಡಕ್ಕ.