ನಾನು ಜರುಗಿಸಿದ ಕಲ್ಲು

ಈ ಸಲ ಯುಗಾದಿಗೆ ಎರಡು ದಿನ ಮುಂಚೆ ಚಳ್ಳಕೆರೆಯ ರೈತರ ಸಂತೆಯಲ್ಲಿ ಮಾವಿನಕಾಯಿ ಆರಿಸುತ್ತಿದ್ದೆ. ಒಂದರ ತೊಟ್ಟು ಮುರಿದು ಸೊನೆ ಚಿಮ್ಮಿ ಮುಂಗೈಗೆ ಬಿತ್ತು. ಪಕ್ಕದಲ್ಲೇ ಒಬ್ಬಳು ಬೇವಿನ ಹೂವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸಾಲಾಗಿ ಇಟ್ಟಿದ್ದಳು. ಸೊನೆಯ ವಾಸನೆ, ಬೇವಿನ ಹೂವಿನ ಘಮ ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಬೆನ್ನ ಮೇಲೆ ಯಾರೋ ಕಬ್ಬಿಣದ ಪಾವಿನಿಂದ ಕುಟ್ಟಿದ ಹಾಗಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ...

ಹಾಗೆ ಕುಟ್ಟುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಮೊಳಕಾಲ್ಮೂರು ಸಂತೆಯ ಬೇವಿನ ಅವ್ವ. ದೇವಸಮುದ್ರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು. ಒಂದರಲ್ಲಿ ಬೇವಿನ ಹೂವು, ಇನ್ನೊಂದರಲ್ಲಿ ಮಾವಿನಕಾಯಿ, ಹೊಸ ಹುಣಸೆಹಣ್ಣು. ಹೂವು ಅಳೆಯುವ ಕಬ್ಬಿಣದ ಪಾವು ಸೊಂಟದಲ್ಲಿ. ಅದರಿಂದ ಅವಳು ಅಳೆದದ್ದಕ್ಕಿಂತ ಹೊಡೆದದ್ದೇ ಹೆಚ್ಚು. ಕೇಳದೆ ಮಾವಿನಕಾಯಿ ಕಚ್ಚಿ ನೋಡಿದವನ ಗೆಣ್ಣಿಗೆ ಒಂದು ಏಟು. ‘ಹೂವು ಬಾಡೈತೆ’ ಅಂದವಳ ಬುಟ್ಟಿಗೆ ಒಂದು ಒದೆ.

ನಾನು ಆಗ ಮೂವತ್ತರ ಆಸುಪಾಸು. ಕರಬೂಜ ಮಾರುತ್ತಿದ್ದೆ. ನನ್ನಂಥ ತರಲೆ ನನ್ನಿವಾಳದಿಂದ ಮೊಳಕಾಲ್ಮೂರಿನವರೆಗೆ ಇನ್ನೊಬ್ಬನಿರಲಿಲ್ಲ. ಬೇಕಾದರೆ ಕೇಳಿ ನೋಡಿ. ನೋಡಿದವರೆಲ್ಲ ಸತ್ತು ಹೋಗಿದ್ದರೆ ಅದು ನನ್ನ ತಪ್ಪಲ್ಲ. ಕುರಿ ವ್ಯಾಪಾರಿಯೊಬ್ಬನ ರುಮಾಲಿನ ತುದಿಯನ್ನು ಅವನದೇ ಹೋತದ ಕೊಂಬಿಗೆ ಕಟ್ಟಿ, ಹೋತದ ಬಾಲ ತಿರುಚಿದವನು ನಾನು. ರುಮಾಲು ಸಂತೆಯನ್ನೆಲ್ಲ ಸುತ್ತಿ ಬಂತು, ಹಿಂದೆ ಬೋಳುತಲೆಯ ಯಜಮಾನ. ಸೊಪ್ಪಿನವಳ ಬುಟ್ಟಿಯಲ್ಲಿ ಓತಿಕ್ಯಾತನನ್ನು ಕೂರಿಸಿದವನೂ ನಾನೇ. ಅವ್ವ ಪ್ರತಿ ಸಲವೂ ಹಿಡಿದು ಬಿಡುತ್ತಿದ್ದಳು. “ಏಮಿರಾ ಕೋತಿ, ನೀನೇ ಅಲ್ವೇನಲೇ?” ಎಂದು ಬೆನ್ನಿಗೆ ಪಾವಿನಿಂದ ಕುಟ್ಟುತ್ತಿದ್ದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆ ಸಂತೆಯಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿಯೊಬ್ಬ ಮಾರುವವನಿಗೂ ಒಂದೊಂದು ಕಲ್ಲು. ಸಂತೆ ಮುಗಿದ ಮೇಲೂ ಕಲ್ಲು ಅಲ್ಲೇ ಇರುತ್ತಿತ್ತು. ಮುಂದಿನ ವಾರ ಬಂದು ಅದರ ಪಕ್ಕದಲ್ಲಿ ಗೋಣಿ ಹಾಸಿದರಾಯಿತು. ಬರೆದ ಕಾಗದ ಇಲ್ಲ, ನಂಬರ್ ಇಲ್ಲ. ಯಾರೂ ಯಾರ ಕಲ್ಲನ್ನೂ ಮುಟ್ಟುತ್ತಿರಲಿಲ್ಲ. ಅವ್ವನ ಕಲ್ಲು ಬೇವಿನ ಮರದ ಬುಡದಲ್ಲಿತ್ತು, ಆಮೆಯ ಬೆನ್ನಿನಂಥ ಕರಿಕಲ್ಲು, ಅವಳ ಅತ್ತೆ ಇಟ್ಟದ್ದು. ಆ ಬಿಸಿಲ ಸೀಮೆಯಲ್ಲಿ ಇಡೀ ಸಂತೆಗೆ ನೆರಳು ಅಂತ ಇದ್ದದ್ದು ಅದೊಂದೇ ಮರ. ಒಮ್ಮೆ ಒಬ್ಬ ಪಾಪದವನು ತನ್ನ ಕಲ್ಲು ಯಾರೋ ಸರಿಸಿದ್ದಾರೆ ಎಂದು ಗೋಳಾಡಿದಾಗ ಅವ್ವನೇ ತೀರ್ಪು ಕೊಟ್ಟಿದ್ದಳು: “ಕಲ್ಲು ಎಲ್ಲೈತೋ ಜಾಗ ಅಲ್ಲೈತೆ. ಬಾಯ್ಮುಚ್ಕಂಡು ಹೋಗು.”

ಆ ಮಾತೇ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು. ಯುಗಾದಿ ಸಂತೆಯ ದಿನ ಎಲ್ಲರಿಗಿಂತ ಮೊದಲು ಹೋಗಿ, ಅವಳ ಕಲ್ಲನ್ನು ಉರುಳಿಸಿ ಬಿಸಿಲಿನಲ್ಲಿ ಇಟ್ಟೆ. ಅಲ್ಲಿದ್ದ, ಒಣಮೆಣಸಿನಕಾಯಿ ಮಾರುವ ಅಣ್ಣತಮ್ಮಂದಿರಿಬ್ಬರ ಕಲ್ಲನ್ನು ಮರದ ಬುಡಕ್ಕೆ ತಂದೆ. ಅವಳು ಬಂದು ಒಂದು ಗಳಿಗೆ ಬೈದಾಡಲಿ, ಆಮೇಲೆ ನಾನೇ ಒಪ್ಪಿಕೊಂಡು ನಾಲ್ಕು ಏಟು ತಿನ್ನೋಣ, ಸಂತೆಯೆಲ್ಲ ನಗಲಿ ಎಂದು ನನ್ನ ಲೆಕ್ಕಾಚಾರ.

ಅಣ್ಣತಮ್ಮಂದಿರು ಮೊದಲು ಬಂದರು. ತಮ್ಮ ಕಲ್ಲು ನೆರಳಿನಲ್ಲಿರುವುದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿದರು. ಹಬ್ಬದ ದಿನ ದೇವರೇ ಕೊಟ್ಟ ಜಾಗ ಎಂದು ಮೆಣಸಿನಕಾಯಿ ಚೀಲ ಇಳಿಸಿದರು. ಅಷ್ಟರಲ್ಲಿ ಅವ್ವ ಬಂದಳು.

“ಎದ್ದೇಳ್ರಲೇ. ಯಾರಪ್ಪನ್ ಮರ ಅಂತ ಕುಂತಿದೀರಾ?”

“ಕಲ್ಲು ನೋಡಮ್ಮ,” ಎಂದ ಅಣ್ಣ. “ನೀನೇ ಅಂದಿದ್ದಲ್ಲ, ಕಲ್ಲು ಎಲ್ಲೈತೋ ಜಾಗ ಅಲ್ಲೈತೆ ಅಂತ.”

ಸುತ್ತ ನಿಂತವರು ಕಿಸಕ್ಕೆಂದರು. ಅವ್ವ ತಲೆಯ ಬುಟ್ಟಿಯನ್ನೂ ಇಳಿಸದೆ ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ, ಗೊಳ್ಳನೆ ನಕ್ಕುಬಿಟ್ಟೆ. ಅವಳು ತಿರುಗಿ ನನ್ನನ್ನು ನೋಡಿದಳು... ಆ ಕ್ಷಣದಲ್ಲಿ ನಾನು ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಬುಟ್ಟಿಗಳನ್ನು ಕುಕ್ಕಿದವಳೇ ಅವ್ವ ಅವರ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಬಿಸಾಡಲು ಹೋದಳು. ಅಣ್ಣ ಅವಳ ರಟ್ಟೆ ಹಿಡಿದು ಎಳೆದ. ಕಲ್ಲು ಬಿತ್ತು, ಪಾವು ಎದ್ದಿತು. ಏಟು ಅವನ ಹುಬ್ಬಿನ ಮೇಲೆ ಬಿದ್ದ ಸದ್ದು ನನ್ನ ಕರಬೂಜದ ರಾಶಿಯವರೆಗೂ ಕೇಳಿಸಿತು, ತೆಂಗಿನಕಾಯಿ ಒಡೆದ ಹಾಗೆ. ರಕ್ತ ಕಣ್ಣಿಗಿಳಿದು ಅವನು ಕುಕ್ಕರುಗಾಲಲ್ಲಿ ಕೂತ. ತಮ್ಮನಾದವನು ತಕ್ಕಡಿಯ ಕಬ್ಬಿಣದ ದಂಡವನ್ನು ಕಿತ್ತು ಬೀಸಿದ. ಅವ್ವ ಬಲಗೈ ಅಡ್ಡ ಹಿಡಿದಳು. ಮಣಿಕಟ್ಟು ಮುರಿದು ಕೈ ಜೋತಾಡಿತು. ಅವಳು ಕಿರುಚಲಿಲ್ಲ. ಎಡಗೈಗೆ ಸಿಕ್ಕ ಮೆಣಸಿನಕಾಯಿಯನ್ನು ಹಿಡಿಗಟ್ಟಲೆ ಹಿಚುಕಿ ಅವನ ಕಣ್ಣಿಗೆ ತಿಕ್ಕಿದಳು.

ದೇವಸಮುದ್ರದವರು ಈ ಕಡೆಯಿಂದ, ಅಣ್ಣತಮ್ಮಂದಿರ ಊರಿನವರು ಆ ಕಡೆಯಿಂದ ನುಗ್ಗಿದರು. ಕೈಗೆ ಸಿಕ್ಕಿದ್ದೆಲ್ಲ ಆಯುಧವಾಯಿತು. ತೂಕದ ಬಟ್ಟು, ಕುಡುಗೋಲಿನ ಹಿಡಿ, ಬಂಡಿಯ ಗೂಟ. ಮೆಣಸಿನಕಾಯಿ ಚೀಲ ಸಿಡಿದು ಕೆಂಪು ಘಾಟು ಎದ್ದಿತು. ಜನ ಕೆಮ್ಮುತ್ತಾ ಹೊಡೆದರು, ಸೀನುತ್ತಾ ಹೊಡೆದರು, ಕಣ್ಣು ಕಾಣದೆ ತಮ್ಮವರನ್ನೇ ಹೊಡೆದರು. ಒಬ್ಬನ ಎರಡು ಹಲ್ಲು ನನ್ನ ಹಣ್ಣಿನ ಮೇಲೆ ಬಂದು ಬಿದ್ದವು. ಬೇವಿನ ಹೂವು ರಕ್ತದಲ್ಲಿ ನೆನೆದು ಕಾಲಿಗೆ ಅಂಟುತ್ತಿತ್ತು. ಇಷ್ಟೆಲ್ಲ ಆಗುವಾಗ ನಾನು, ಸೀಮೆಗೇ ದೊಡ್ಡ ಬಾಯಿಯವನು, ಕರಬೂಜದ ಹಿಂದೆ ಕೂತಿದ್ದೆ. ತುಟಿ ಬಿಚ್ಚಲಿಲ್ಲ.

ಎರಡು ತಿಂಗಳ ಮೇಲೆ ಅವ್ವ ಮತ್ತೆ ಬಂದಳು. ಮುರಿದ ಕೈ ಕೂಡಿಕೊಂಡಿತ್ತು, ಆದರೆ ಬೆರಳು ಮಡಚುತ್ತಿರಲಿಲ್ಲ. ಸಂತೆಯ ಹಿರಿಯರು ಕಲ್ಲುಗಳನ್ನು ಮೊದಲಿನ ಜಾಗಕ್ಕೇ ಇಡಿಸಿ, ಸರಿಸಿದವರು ಯಾರೆಂದು ಎಲ್ಲರ ಎದುರು ಅವಳನ್ನು ಕೇಳಿದರು. ನಾನು ತಲೆ ಬಗ್ಗಿಸಿ ಕರಬೂಜ ಜೋಡಿಸತೊಡಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

“ಯಾವ್ದೋ ಹಂದಿ ಮೂತೀಲಿ ದಬ್ಬಿರ್ಬೇಕು ಬಿಡ್ರಿ,” ಎಂದಳು.

ಅವರು ಅತ್ತ ಹೋದದ್ದೇ ಪಾವನ್ನು ನನ್ನ ಮಡಿಲಿಗೆ ಎಸೆದಳು. “ಹಿಡಿಯಲೇ. ಇನ್ಮೇಲೆ ನನ್ ಬಲಗೈ ನೀನೇ.”

ಅಷ್ಟೇ. ಕರಬೂಜವನ್ನು ಮರದ ಕೆಳಗೆ ತಂದೆ. ವರ್ಷಗಟ್ಟಲೆ ಅವಳ ಹೂವು ಅಳೆದೆ, ಹುಣಸೆ ತೂಗಿದೆ. ಹೂವನ್ನು ಪಾವಿನಲ್ಲಿ ತಟ್ಟಿ ಒತ್ತಬಾರದು, ಗೋಪುರದ ಹಾಗೆ ಏರಿಸಬೇಕು. ತಪ್ಪಿದರೆ ಎಡಗೈಯಿಂದ ಬೆನ್ನಿಗೆ ಗುದ್ದು. ಎಡಗೈಯ ಗುದ್ದು ಬಲಗೈಯದಕ್ಕಿಂತ ಜೋರಾಗಿತ್ತು, ಆಣೆಗೂ! ಪ್ರತಿ ಯುಗಾದಿ ಸಂತೆ ಮುಗಿದಾಗ ಬುಟ್ಟಿ ಮಗುಚಿ ಕೂತು ಒಂದೇ ಮಾತು ಕೇಳುತ್ತಿದ್ದಳು:

“ಏನಾರ ಹೇಳೋದೈತೇನಲೇ?”

ನಾನು ಒಂದಲ್ಲ ಒಂದು ಚೇಷ್ಟೆಯ ಮಾತು ಆಡಿ ತಪ್ಪಿಸಿಕೊಳ್ಳುತ್ತಿದ್ದೆ. ಕೊನೆಯ ಸಲ ಕೇಳಿದಾಗ, “ಐತಲ್ಲವ್ವ, ನಿನ್ ಬಾಯಲ್ಲಿ ಇನ್ನೊಂದ್ ಹಲ್ಲು ಕಮ್ಮಿ ಆಗೈತೆ,” ಎಂದೆ. ಅವಳು ನಕ್ಕಳು. ಸೆರಗು ಬಾಯಿಗೆ ಇಟ್ಟುಕೊಳ್ಳಲಿಲ್ಲ. ಮುಂದಿನ ವಾರ ದೇವಸಮುದ್ರದ ಬಸ್ಸು ಬಂತು, ಬುಟ್ಟಿ ಬರಲಿಲ್ಲ. ಕಂಡಕ್ಟರು ಕಿಟಕಿಯಿಂದಲೇ, ಅವ್ವ ಇನ್ನಿಲ್ಲ ಎಂದು ಕೈ ಅಲ್ಲಾಡಿಸಿದ...

ಚಳ್ಳಕೆರೆಯಲ್ಲಿ ಆ ಹೂವಿನವಳ ಕವರು ಬೇಡವೆಂದು, ಅವಳ ಸ್ಟೀಲ್ ಲೋಟ ಕೇಳಿ ತೆಗೆದುಕೊಂಡು ನಾನೇ ಅಳೆದುಕೊಂಡೆ. ಗೋಪುರದ ಹಾಗೆ ಏರಿಸಿದೆ. “ತಾತ, ಮೋಸ ಮಾಡ್ತೀಯ,” ಎಂದಳು. ಮನೆಗೆ ಹೋಗದೆ ಮೊಳಕಾಲ್ಮೂರು ಬಸ್ಸು ಹತ್ತಿದೆ. ಸಂತೆ ಈಗ ತಗಡಿನ ಚಾವಣಿಯ ಕೆಳಗೆ ನಡೆಯುತ್ತದೆ, ಸಿಮೆಂಟಿನ ಮೇಲೆ ಬಣ್ಣದ ನಂಬರುಗಳಿವೆ. ಹಳೆಯ ಮೈದಾನದಲ್ಲಿ ಮರವೂ ಇಲ್ಲ, ಮೊಂಡು ಬುಡ ಮಾತ್ರ. ಅದರ ಪಕ್ಕದಲ್ಲಿ ಆಮೆಯ ಬೆನ್ನಿನ ಕರಿಕಲ್ಲು ಹಾಗೇ ಕೂತಿತ್ತು. ಯಾರೋ ಅದರ ಮೇಲೆ ಬೈಕಿನ ಸ್ಟ್ಯಾಂಡ್ ಊರಿದ್ದರು. ಬೈಕನ್ನು ತಳ್ಳಿ ಆಚೆ ನಿಲ್ಲಿಸಿದೆ.

ಮನೆಗೆ ಒಯ್ಯೋಣ ಎಂದು ಬಗ್ಗಿದೆ. ಕೈ ಚಾಚಿದೆ. ಹೇಳೋದಿತ್ತವ್ವ, ಅಂದೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಕಲ್ಲನ್ನು ನಾನು ಒಂದು ಸಲ ಜರುಗಿಸಿದ್ದೇ ಸಾಕು.